ಭಾನುವಾರದ ಮಾತುಕತೆ ಬಗ್ಗೆ ಸ್ವಲ್ಪ ಓದ್ಕೊಳ್ಳಿ

ಎಲ್ರಿಗೂ ನಮಸ್ಕಾರ, ಈ ಭಾನುವಾರ ಸಂಜೆ 5 ಗಂಟೆಗೆ ವಿವೇಕ ಶಾನಭಾಗರ ಘಾಚರ್ ಘೋಚರ್ ಬಗ್ಗೆ ಮಾತಾಡ್ತೀವಿ, ಚಿಕ್ಕ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತೆ, ದಯವಿಟ್ಟು ಓದ್ಕೊಂಡೇ ಬನ್ನಿ.

ಬೆಂಗಳೂರಿನ ಒಂದು ಮನೆ, ಇರುವೆ ಕಾಟ ಇದ್ದ ಪುಟ್ಟ ಮನೇಲಿ ಅಪ್ಪನ ಸೇಲ್ಸ್‌ಮನ್ ಸಂಬಳದಲ್ಲಿ ಲೆಕ್ಕ ಹಾಕ್ಕೊಂಡು ಬದುಕ್ತಿದ್ದೋರು, ಚಿಕ್ಕಪ್ಪನ ಮಸಾಲೆ ಬಿಸಿನೆಸ್ ಕೈ ಹಿಡಿದ ಮೇಲೆ ದೊಡ್ಡ ಮನೆಗೆ ಹೋಗ್ತಾರೆ. ಆಮೇಲೆ ಏನಾಗುತ್ತೆ ಅನ್ನೋದೇ ಕಥೆ. ನನ್ನನ್ನ ತುಂಬಾ ಕಾಡಿದ್ದು ಚಿಕ್ಕಪ್ಪನ್ನ ಹುಡುಕ್ಕೊಂಡು ಡಬ್ಬಿ ಹಿಡ್ಕೊಂಡು ಬಂದ ಹೆಂಗಸನ್ನ ಮನೆಯ ಹೆಂಗಸರೇ ಗೇಟಿನ ಹತ್ರ ಬೈದು ಓಡಿಸೋ ಜಾಗ. ನಿನ್ನೆವರೆಗೂ ಕಷ್ಟ ಗೊತ್ತಿದ್ದೋರು ಇಷ್ಟು ಬೇಗ ಹೀಗಾಗ್ತಾರಾ ಅಂತ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಅಲ್ಲಿ ವಿರೋಧಿಸೋದು ಸೊಸೆ ಅನಿತಾ ಒಬ್ಬಳೇ, ಕಥೆ ಹೇಳೋ ಗಂಡ ಬಾಯಿ ಬಿಡಲ್ಲ. ಕಂಪನೀಲಿ ಕೆಲಸ ಇಲ್ದೇನೇ ಸಂಬಳ ತಗೊಳ್ಳೋನು ಹೇಗ್ ತಾನೇ ಬಾಯಿ ಬಿಡ್ತಾನೆ ಹೇಳಿ.

ಟೈಮ್ ಇದ್ರೆ ಅರವಿಂದ ಅಡಿಗರ ದಿ ವೈಟ್ ಟೈಗರ್ ಕಾದಂಬರಿ ಕೂಡ ಓದಿ, 2008ರ ಬುಕರ್ ಪ್ರಶಸ್ತಿ ಬಂದಿದ್ದು. ಅಲ್ಲಿ ಬಲರಾಮ ಅನ್ನೋ ಡ್ರೈವರ್ ಧಣೀನ ಕೊಂದು, ದುಡ್ಡು ಕದ್ದು ಬೆಂಗಳೂರಲ್ಲಿ ಕಾಲ್‌ಸೆಂಟರ್‌ಗಳಿಗೆ ಟ್ಯಾಕ್ಸಿ ಓಡಿಸೋ ಮಾಲೀಕ ಆಗ್ತಾನೆ. ಒಂದೇ ಊರು, ಮೇಲೆ ಹತ್ತೋ ದಾರಿ ಎಷ್ಟು ಬೇರೆ. ನನಗಂತೂ ಶಾನಭಾಗರದ್ದೇ ಜಾಸ್ತಿ ಭಯ ಹುಟ್ಟಿಸ್ತು, ಯಾಕಂದ್ರೆ ಆ ಮನೆಯೋರು ನಮ್ಮ ಪಕ್ಕದ ಮನೆಯೋರ ಥರಾನೇ ಇದಾರೆ.

ಬರೋರು ಇವತ್ತು ರಾತ್ರಿ ಒಳಗೆ ಇಲ್ಲೇ ಹೆಸರು ಹಾಕಿ.