ಬಿಟ್ಟುಹೋದವರ ಲೆಕ್ಕ

ಪ್ರಿಯ ತಮ್ಮಾ,

ಗ್ರೀಕರ ಹಲವು ದೇವರು, ಉಳಿದವರ ಒಬ್ಬನೇ ದೇವರು ಅಂತ ಹೋಲಿಸಿ ಬರೆದ ನಿನ್ನ ಹಸ್ತಪ್ರತಿ ಬಂದು ಮೂರು ವಾರ ಆಯಿತು. ನೀನು ಅಂತಲೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ತಮ್ಮನ ಮಗನಿಗೂ ನಿನ್ನಷ್ಟೇ ವಯಸ್ಸು. "ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದರು, ಇನ್ನು ಬರೆಯುವುದನ್ನೇ ಬಿಡುತ್ತೇನೆ ಮೇಡಂ" ಅಂದಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ಸಂಕಟವೂ ಆಯಿತು. ಇಬ್ಬರೇ ತಾನೇ?

ಕಾಗುಣಿತ, ಅಧ್ಯಾಯದ ಉದ್ದ, ಅಡಿಟಿಪ್ಪಣಿ, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಒಂದನ್ನು ಮಾತ್ರ ಸಹಿಸಲು ಆಗಲಿಲ್ಲ. ಗ್ರೀಕರ ದೊಡ್ಡ ದೇವರನ್ನು ಉದ್ದಕ್ಕೂ 'ಜ್ಯೂಸ್' ಅಂತ ಬರೆದಿದ್ದೀಯ. ಆ ಹೆಸರು ಬಂದಾಗೆಲ್ಲ ಬಸ್ ಸ್ಟ್ಯಾಂಡಿನ ಮೋಸಂಬಿ ಅಂಗಡಿ ಕಣ್ಣಿಗೆ ಕಟ್ಟುತ್ತದೆ. ಝ್ಯೂಸ್ ಅಂತ ಮಾಡಿಬಿಡು, ಮಾರಾಯ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ.

42ನೇ ಪುಟ ತೆಗೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ಸಾಕ್ರಟೀಸನನ್ನು ಕೊಂದದ್ದು "ಶುದ್ಧ ರಾಜಕೀಯ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅವನ ಮೇಲಿದ್ದ ಆರೋಪ ಏನು? ಊರು ಒಪ್ಪಿದ ದೇವರುಗಳನ್ನು ಇವನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ. ಮೂರರಲ್ಲಿ ಎರಡು ದೇವರ ವಿಷಯ. ರಾಜಕೀಯವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನೀನು ಆ ಎರಡನ್ನು ಗೊತ್ತಿಲ್ಲದೆ ಬಿಟ್ಟವನಲ್ಲ. ಮುಂದಿನ ಪುಟದಲ್ಲೇ "ಹಲವು ದೇವರಿದ್ದ ಗ್ರೀಕರಲ್ಲಿ ದೇವರ ಹೆಸರಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ" ಅಂತ ಬರೆಯಬೇಕಿತ್ತು ನಿನಗೆ. ಆ ಸಾಲು ಉಳಿಯಲಿ ಅಂತ ಆರೋಪಗಳನ್ನು ನುಂಗಿಬಿಟ್ಟೆ. ಅದೇ, ರೋಮಿನ ಕ್ರೈಸ್ತ ದೊರೆ ಥಿಯೋಡೋಸಿಯಸ್ ಕ್ರಿ.ಶ. 391–392ರಲ್ಲಿ ಹಳೆಯ ದೇವರುಗಳಿಗೆ ಬಲಿ ಕೊಡುವುದನ್ನು ನಿಷೇಧಿಸಿದ್ದಕ್ಕೆ ಆರು ಪುಟ! ನಿಷೇಧಿಸಿದ್ದು ನಿಜ, ಬರೆಯಲೇಬೇಕು. ಆದರೆ ಹೀಗೆ ತೂಕದಲ್ಲಿ ಹೊಡೆದರೆ ಗಿರಾಕಿಗೆ ಗೊತ್ತಾಗಲ್ವಾ?

ನನಗೆ ಇಷ್ಟು ಸಿಟ್ಟು ಬರುವುದಕ್ಕೆ ಕಾರಣ ಇದೆ. ಇದೇ ಕೆಲಸ ನಾನೂ ಮಾಡಿದ್ದೇನೆ.

ಮೂವತ್ತೈದು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಭಾಷಣ. "ಹಲವು ದೇವರಿದ್ದಲ್ಲಿ ಹಲವರಿಗೆ ಜಾಗ ಇರುತ್ತದೆ" ಅಂದೆ. ಎಂಥ ಚಪ್ಪಾಳೆ ಅಂತೀಯ! ಮೂರನೇ ಸಾಲಿನಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಕೂತಿದ್ದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ. ಎಷ್ಟೋ ವರ್ಷ ಒಂದೇ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚಿದವರು ನಾವು. ಮರುದಿನ ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಿದರು: "ಆಂಟಿಯೋಕಸ್ ಎಲ್ಲಿ ಹೋದ ಮೇಡಂ?"

ಆಂಟಿಯೋಕಸ್ ನನ್ನ ಟಿಪ್ಪಣಿಯಲ್ಲಿ ಇದ್ದ. ನಾಲ್ಕನೆಯ ಆಂಟಿಯೋಕಸ್, ಸಿರಿಯಾ ಕಡೆಯ ಗ್ರೀಕ್ ಅರಸ. ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ಯೆಹೂದಿ ದೇವಾಲಯಕ್ಕೆ ಒಲಿಂಪಸ್ಸಿನ ಝ್ಯೂಸನ ಹೆಸರಿಡಿಸಿದ. ಸಬ್ಬತ್, ಅಂದರೆ ಅವರ ವಾರದ ವಿಶ್ರಾಂತಿಯ ದಿನ, ಆಚರಿಸಬಾರದು, ಮಕ್ಕಳಿಗೆ ಸುನ್ನತಿ ಮಾಡಿಸಬಾರದು ಅಂದ. ಮಾಡಿದವರನ್ನು ಕೊಲ್ಲಿಸಿದ. ಅದಕ್ಕೆ ಕಾರಣ ರಾಜಕೀಯವೋ ಧರ್ಮವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ನಾನು ಆ ಜಗಳಕ್ಕೂ ಹೋಗಲಿಲ್ಲ. ಹಿಂದಿನ ರಾತ್ರಿ ಆ ಪ್ಯಾರಾದ ಮೇಲೆ ಕೆಂಪು ಗೆರೆ ಎಳೆದಿದ್ದೆ. ಭಾಷಣದ ಓಟ ಕೆಡುತ್ತದೆ ಅಂತ. ಮೇಷ್ಟ್ರಿಗೆ "ಟೈಮ್ ಇರಲಿಲ್ಲ" ಅಂದೆ. ಅವರು ತಲೆಯಾಡಿಸಿ ಉಪ್ಪಿನಕಾಯಿ ಬಡಿಸಿದರು. ಆಮೇಲೂ ಜೊತೆಗೇ ಊಟ ಮಾಡಿದೆವು. ನನ್ನ ಭಾಷಣಕ್ಕೆ ಮಾತ್ರ ಅವರು ಮತ್ತೆ ಬರಲಿಲ್ಲ. ಭಾಷಣ ಪತ್ರಿಕೆಯಲ್ಲಿ ಅಚ್ಚಾದಾಗ ಸಂಪಾದಕರು ಇನ್ನೂ ಖಾರದ ಶೀರ್ಷಿಕೆ ಕೊಟ್ಟರು. ಎಷ್ಟೋ ವರ್ಷ ಅವರನ್ನು ಬೈದುಕೊಂಡು ತಿರುಗಿದೆ. ಶೀರ್ಷಿಕೆಯ ಒಂದೊಂದು ಪದವೂ ನನ್ನದೇ ಆಗಿತ್ತು.

ಹಾಗಂತ ವ್ಯತ್ಯಾಸವೇ ಇಲ್ಲ, ಎಲ್ಲ ಒಂದೇ ಅಂತ ಬರೆದು ಕಳಿಸಬೇಡ. ಅದು ಇನ್ನೊಂದು ಸೋಮಾರಿತನ. ವ್ಯತ್ಯಾಸ ಇದೆ, ದೊಡ್ಡದೇ ಇದೆ. ನೀನು ಹುಡುಕಿದ ಜಾಗ ತಪ್ಪು.

ಕ್ಸೆನೊಫೋನ್ ಗೊತ್ತಲ್ಲ, ಸಾಕ್ರಟೀಸನ ಜೊತೆ ಓಡಾಡಿದವನು. ಸಾಕ್ರಟೀಸ್ ಸತ್ತ ವರ್ಷವೇ ಇವನು ಲಾಂಪ್ಸಕಸ್ ಎಂಬ ಊರಿನಲ್ಲಿದ್ದ. ಪರ್ಷಿಯಾದ ಒಳಗಿನಿಂದ ಸೈನ್ಯವನ್ನು ನಡೆಸಿಕೊಂಡು ಬಂದ ಸೇನಾನಿ, ಕೈಯಲ್ಲಿ ಕಾಸಿಲ್ಲ. ದಾರಿಖರ್ಚಿಗೆ ಕುದುರೆ ಮಾರಬೇಕಾದ ಸ್ಥಿತಿ. ಹಳೆಯ ಪರಿಚಯದ ಶಕುನಗಾರನೊಬ್ಬ ಬಲಿಪಶುವಿನ ಕರುಳು ನೋಡಿ ಹೇಳುತ್ತಾನೆ: ನಿನಗೆ ಅಡ್ಡ ನಿಂತಿರುವವನು ಝ್ಯೂಸ್ ಮೈಲಿಕಿಯೋಸ್ (ಝ್ಯೂಸನದೇ ಇನ್ನೊಂದು ರೂಪ), ಅವನಿಗೆ ಬಲಿ ಕೊಟ್ಟೆಯಾ? ಮನೆ ಬಿಟ್ಟ ಮೇಲೆ ಕೊಟ್ಟೇ ಇಲ್ಲ ಅನ್ನುತ್ತಾನೆ ಇವನು. ಗಮನಿಸು, ರಾಜ ಝ್ಯೂಸನಿಗೆ ಬಲಿ ಕೊಟ್ಟಿದ್ದ. ಆ ಲೆಕ್ಕ ಈ ಖಾತೆಗೆ ಸೇರುವುದಿಲ್ಲ! ಮರುದಿನ ಹಂದಿಗಳನ್ನು ಇಡಿಯಾಗಿ ಸುಟ್ಟ. ಮಾಮೂಲಿ ಬಲಿಯಲ್ಲಿ ದೇವರಿಗೆ ತೊಡೆಯ ಮೂಳೆ, ಕೊಬ್ಬು, ಹೊಗೆ; ಮಾಂಸ ಜನಕ್ಕೆ. ಇಲ್ಲಿ ತಿನ್ನುವುದಕ್ಕೆ ಚೂರೂ ಇಲ್ಲ. ಅದೇ ದಿನ ಸೈನ್ಯಕ್ಕೆ ಹಣ ಬಂತು. ತಂದವರು ಅವನು 50 ದಾರಿಕ್‌ಗೆ (ಪರ್ಷಿಯಾದ ಚಿನ್ನದ ನಾಣ್ಯ) ಮಾರಿದ್ದ ಕುದುರೆಯನ್ನೂ ಬಿಡಿಸಿಕೊಂಡು ಬಂದು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಇದನ್ನು ಬರೆದವನು ಅವನೇ.

ಗ್ರೀಕನ ದಿಗಿಲು ಇದು. ಯಾರನ್ನೋ ಬಿಟ್ಟೆನೇನೋ ಅನ್ನುವುದು. ಒಬ್ಬನೇ ದೇವರು ಅಂದವರ ದಿಗಿಲು ಬೇರೆ. ಅವನಿಗೆ ಸಲ್ಲಬೇಕಾದ್ದನ್ನು ಇನ್ನೊಬ್ಬರಿಗೆ ಕೊಟ್ಟೆನೇನೋ ಅಂತ. ಸಿನಾಯ್ ಬೆಟ್ಟದ ಕೆಳಗೆ ಯೆಹೂದಿಗಳ ಪೂರ್ವಜರು ಪೂಜಿಸಿದ ಚಿನ್ನದ ಕರು ಅದೇ ತಾನೇ? ಕುರ್‌ಆನ್ 'ಶಿರ್ಕ್' ಅನ್ನುವುದೂ ಅದನ್ನೇ. ಅಂದಹಾಗೆ ಯೆಹೂದಿ, ಕ್ರೈಸ್ತ, ಮುಸ್ಲಿಂ ಮೂವರನ್ನೂ ನೀನು ಒಂದೇ ಹಗ್ಗದಲ್ಲಿ ಕಟ್ಟಿದ್ದೀಯ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ಕ್ರೈಸ್ತರ ತ್ರಿತ್ವದ ಮಾತು ಎತ್ತಿದರೆ ಉಳಿದಿಬ್ಬರು ಎದ್ದು ಹೋಗುತ್ತಾರೆ ಅನ್ನುವುದಾದರೂ ನೆನಪಿರಲಿ.

ಈ ಎರಡು ದಿಗಿಲು ಇಟ್ಟುಕೊಂಡು ಯೂರಿಪಿಡೀಸನ ಹಿಪ್ಪೊಲಿಟಸನನ್ನು ಮತ್ತೆ ಓದು. ಕ್ರಿ.ಪೂ. 428ರ ನಾಟಕ. ಹುಡುಗ ಯಾರೂ ತುಳಿಯದ ಹುಲ್ಲುಗಾವಲಿನ ಹೂ ತಂದು ಬೇಟೆಯ ದೇವತೆ ಆರ್ಟೆಮಿಸಳಿಗೆ ಮುಡಿಸುತ್ತಾನೆ. ಬಾಗಿಲಲ್ಲೇ ಪ್ರೇಮದ ದೇವತೆ ಅಫ್ರೋಡೈಟಿಯ ವಿಗ್ರಹ. ಮುದಿ ಆಳು ಕೇಳುತ್ತಾನೆ, ಇವಳಿಗೆ ಒಂದು ನಮಸ್ಕಾರವೂ ಇಲ್ಲವೇ? ದೂರದಿಂದಲೇ ಸಾಕು ಅನ್ನುತ್ತಾನೆ ಹುಡುಗ. ಕೊನೆಗೆ ಅಫ್ರೋಡೈಟಿಯ ಸೇಡಿನಿಂದ ಅವನ ಕುದುರೆಗಳೇ ಅವನನ್ನು ಎಳೆದಾಡಿ ಕೊಲ್ಲುತ್ತವೆ. ಒಬ್ಬಳಿಗೇ ಮನಸ್ಸು ಕೊಟ್ಟದ್ದು ಬೇರೆ ಕಡೆ ಆಗಿದ್ದರೆ ಭಕ್ತಿ. ಅಲ್ಲಿ ಅದೇ ತಪ್ಪು. ಈ ನಾಟಕವನ್ನು ನೀನು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿದ್ದೀಯ. ನನಗೆ ಅಳು ಬಂತು.

ಇನ್ನು ನಿನ್ನ "ನಮ್ಮ ಹಾಗೇ". ಹನ್ನೊಂದು ಕಡೆ ಇದೆ, ಎಣಿಸಿದೆ. ಗ್ರೀಕರ ಮನೆಯ ಉಗ್ರಾಣದಲ್ಲಿ ಝ್ಯೂಸ್ ಕ್ಟೇಸಿಯೋಸ್ ಇರುತ್ತಿದ್ದ. ಎರಡು ಹಿಡಿಯ ಒಂದು ಗಡಿಗೆ, ಹಿಡಿಗೆ ಬಿಳಿ ಉಣ್ಣೆ, ಒಳಗೆ ನೀರು, ಆಲಿವ್ ಎಣ್ಣೆ, ಬಗೆಬಗೆಯ ಕಾಳು ಹಣ್ಣು. ಮನೆಯ ಸಾಮಾನು ಸರಂಜಾಮು ಕಾಯುವ ದೇವರು. ಕಳಶ ನೆನಪಾಯಿತು ಅಲ್ವಾ? ನನಗೂ ಆಯಿತು. ಆಗಲಿ. ಅದನ್ನು ಬರೆಯಬೇಡ. ಆ ಉಣ್ಣೆಯನ್ನು ಇನ್ನಷ್ಟು ಹೊತ್ತು ನೋಡು. ಸೋಫೊಕ್ಲೀಸನ ಅಜಾಕ್ಸ್‌ನನ್ನು ಬಿಎಂಶ್ರೀ ಅಶ್ವತ್ಥಾಮನನ್ನಾಗಿ ಮಾಡಿದರು ನಿಜ, ಅದು ನಾಟಕ, ಅವರಿಗೆ ಆ ಹಕ್ಕು ಇತ್ತು. ನೀನು ಬರೆಯುತ್ತಿರುವುದು ಸತ್ತುಹೋದವರ ಬಗ್ಗೆ. ಅವರು ಎದ್ದು ಬಂದು "ಇದು ನಾವಲ್ಲ" ಅನ್ನುವ ಹಾಗಿಲ್ಲ.

ನಿನ್ನ ಕೊನೆಯ ಅಧ್ಯಾಯ ಮಾತ್ರ ಚೆನ್ನಾಗಿದೆ. ಅಥೆನ್ಸಿನಲ್ಲಿ ಕ್ರೈಸ್ತ ಪ್ರಚಾರಕ ಪೌಲ "ಗೊತ್ತಿಲ್ಲದ ದೇವರಿಗೆ" ಅಂತ ಬರೆದ ಬಲಿಪೀಠ ಕಂಡದ್ದು. ಕಲ್ಲು ಇಟ್ಟವರಿಗೆ ಅದು ಯಾರೂ ಬಿಟ್ಟುಹೋಗದಿರಲಿ ಅನ್ನುವ ಮುಂಜಾಗ್ರತೆ ಇರಬೇಕು. ಪೌಲನಿಗೆ ಅದು ತನ್ನ ಒಬ್ಬನೇ ದೇವರಿಗಾಗಿ ಖಾಲಿ ಇದ್ದ ಪೀಠ. ಇದನ್ನು ಬರೆಯುವಾಗ ನೀನು ಯಾರ ಪರವಾಗಿಯೂ ಕೂಗಲಿಲ್ಲ. ಸುಮ್ನೆ ಕಲ್ಲಿನ ಮುಂದೆ ನಿಂತೆ. ಪುಸ್ತಕ ಅಲ್ಲಿಂದ ಶುರು ಮಾಡು. 42ನೇ ಪುಟಕ್ಕೆ ಆ ಎರಡು ಆರೋಪ ವಾಪಸ್ ಸೇರಿಸು. ಅದರಿಂದ ಮುಂದಿನ ಪುಟ ಬಿದ್ದುಹೋದರೆ ಹೋಗಲಿ.

ಪ್ರತಿಯನ್ನು ಸೋಮವಾರ ಕೊರಿಯರ್‌ಗೆ ಹಾಕುತ್ತೇನೆ. 61ನೇ ಪುಟದ ಮೇಲೆ ಕಾಫಿ ಚೆಲ್ಲಿದ್ದು ನಾನೇ. ಆಂಟಿಯೋಕಸ್‌ನ ವಿಷಯ ಬರೆಯುವುದಾದರೆ ನನ್ನ ಹಳೆಯ ಟಿಪ್ಪಣಿ ಪುಸ್ತಕ ಕಳಿಸುತ್ತೇನೆ. ಕೆಂಪು ಗೆರೆಯ ಅಡಿಯಲ್ಲೂ ಅಕ್ಷರ ಕಾಣುತ್ತದೆ.

ಪ್ರೀತಿಯಿಂದ,
ನಿನ್ನ ಅಕ್ಕ