ಎಲೆ ಹಳದಿ ಆದ ತಕ್ಷಣ ಗೊಬ್ಬರಾನಾ?

ಸಂಪಾದಕರೇ,

ಮನೆಯೊಳಗೆ ಲೈಟ್ ಹಾಕಿ ಬೆಳೆಸೋ ಕುಂಡದ ಗಿಡಗಳ ಬಗ್ಗೆ ನಿಮ್ಮ ಪುರವಣಿ ಸಲಹೆ ಓದಿದೆ, ಎಲೆ ಹಳದಿಯಾದ್ರೆ ಗೊಬ್ಬರ ಹಾಕಿ ಅಂತ ಒಂದೇ ಮಾತಲ್ಲಿ ಮುಗಿಸಿದ್ದೀರಲ್ಲ, ಯಾವ ಎಲೆ ಅಂತ ಕೇಳೋದೇ ಬೇಡ್ವಾ? ಕೆಳಗಿನ ಹಳೇ ಎಲೆ ಮೊದಲು ಹಳದಿಯಾದ್ರೆ ಸಾರಜನಕ ಕಮ್ಮಿ ಇರಬಹುದು, ಗಿಡ ಅದನ್ನ ಅಲ್ಲಿಂದ ಎಳ್ಕೊಂಡು ಚಿಗುರಿಗೆ ಕೊಡುತ್ತೆ. ಚಿಗುರೇ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಕಬ್ಬಿಣದ ಕೊರತೆ, ಅದೂ ಎಷ್ಟೋ ಸಲ ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7 ದಾಟಿರೋದ್ರಿಂದ ಬೇರಿಗೆ ಸಿಗಲ್ಲ ಅಷ್ಟೆ, ಆಗ ಗೊಬ್ಬರ ಸುರಿದು ಏನ್ ಬಂತು? ಎಲೆ ತುಂಬಾ ಸಣ್ಣ ಸಣ್ಣ ಬಿಳಿ ಚುಕ್ಕೆ ಇದ್ರೆ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ, ಬಿದ್ದ ಧೂಳು ಓಡಾಡೋಕೆ ಶುರು ಮಾಡಿದ್ರೆ ಅದು ಮೈಟ್, ಅಂದ್ರೆ ಎಲೆ ರಸ ಹೀರೋ ಸಣ್ಣ ನುಸಿ. ಮಣ್ಣು ಸದಾ ಒದ್ದೆ ಅಂದ್ರೆ ಮೊದಲು ಬೇರು ಕೊಳೆತಿದೆಯಾ ನೋಡಿ. ಮುಂದಿನ ಸಲ ಫೋಟೋ ಸಮೇತ ಹಾಕಿ ಸ್ವಾಮಿ.

– ಒಬ್ಬ ಓದುಗ