ಡಬ್ಬಿ ಬದಲಿಸುವ ಮೊದಲು

ಪ್ರಿಯ ಗೆಳೆಯಾ,

ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ತರಬೇತಿಗೆ ಸೀಟು ಸಿಕ್ಕಿತು ಅಂತ ಓದಿ ಖುಷಿಯಾಯಿತು. ಈಗಿಂದಲೇ ರೇಡಾರ್ ಬಗ್ಗೆ ಓದಲಾ ಅಂತ ಕೇಳಿದ್ದೀಯ. ಓದು, ಬೇಡ ಅನ್ನಲ್ಲ. ಆದರೆ ಅಲ್ಲಿ ನಿನ್ನ ಹೆಚ್ಚಿನ ಹೊತ್ತು ಹೋಗುವುದು ವೈರು ಮತ್ತು ಕನೆಕ್ಟರ್‌ಗಳ ಜೊತೆ.

ಮೊದಲಿಗೆ ಓಮ್ಸ್ ನಿಯಮ, ಟ್ರಾನ್ಸಿಸ್ಟರ್, ಲಾಜಿಕ್ ಗೇಟ್. ಅದೆಲ್ಲ ನಿನಗೆ ಗೊತ್ತಿರುವುದೇ. ಆಮೇಲೆ ವಿಮಾನದ ಕರೆಂಟು ಬರುತ್ತದೆ. 28 ವೋಲ್ಟ್ ಡಿಸಿ, 115 ವೋಲ್ಟ್ ಎಸಿ. ಈ ಎಸಿ 400 ಹರ್ಟ್ಸ್‌ನದು, ಮನೆಗೆ ಬರುವ 50 ಅಥವಾ 60 ಅಲ್ಲ. ಹರ್ಟ್ಸ್ ಜಾಸ್ತಿಯಾದರೆ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟು ಕಬ್ಬಿಣ ಬೇಡ. ಹಾರುವ ಯಂತ್ರದಲ್ಲಿ ತೂಕ ಉಳಿದರೆ ಅದೇ ಲಾಭ ಅಲ್ವಾ?

1553 ಬಸ್ಸನ್ನು ಮಾತ್ರ ಮನಸ್ಸಿಟ್ಟು ಕಲಿ. ವಿಮಾನದ ಎಲೆಕ್ಟ್ರಾನಿಕ್ ಡಬ್ಬಿಗಳು ಒಂದರ ಜೊತೆ ಒಂದು ಮಾಹಿತಿ ಹಂಚಿಕೊಳ್ಳುವ ತಂತಿಯ ದಾರಿ ಅದು. 1973ರಲ್ಲಿ ಅಮೆರಿಕದ ವಾಯುಪಡೆಗೆ ಬಂದ ಮಾನದಂಡ ಇದು, ಈಗಲೂ ಚಾಲ್ತಿಯಲ್ಲಿದೆ. ವೇಗ ಸೆಕೆಂಡಿಗೆ 10 ಲಕ್ಷ ಬಿಟ್, ಇವತ್ತಿನ ಲೆಕ್ಕಕ್ಕೆ ಏನೇನೂ ಅಲ್ಲ. ಶಿಸ್ತು ಮಾತ್ರ ಭಾರಿ. ಮಾತುಕತೆ ನಡೆಸುವ ಬಸ್ ಕಂಟ್ರೋಲರ್ ಕೇಳದೆ ಯಾವ ಟರ್ಮಿನಲ್ಲೂ, ಅಂದರೆ ಬಸ್ಸಿಗೆ ಸೇರಿಸಿದ ಯಾವ ಡಬ್ಬಿಯೂ, ಬಾಯಿ ಬಿಡುವ ಹಾಗಿಲ್ಲ. ಸಾಮಾನ್ಯವಾಗಿ ಎರಡು ಬಸ್ ಎಳೆದಿರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ನಡೆಸುತ್ತದೆ. ತಂಟೆ ಇರುವುದೂ ಅಲ್ಲೇ. ಎಲ್ಲ ಸರಿಯಿದೆ ಅಂತ ಕಾಣುತ್ತಿರುವಾಗಲೇ ಒಂದು ಬಸ್ ಸತ್ತಿರಬಹುದು. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ನಮಗೆ ಕಲಿಸಿದವರು ಬೇಕಂತಲೇ ದೋಷ ಇಟ್ಟು ಹುಡುಕಲು ಬಿಡುತ್ತಿದ್ದರು. ಒಂದು ಸಲ ರೇಡಿಯೋ ಆಗಾಗ ಸತ್ತು ಮತ್ತೆ ಬದುಕುತ್ತಿತ್ತು. ರೇಡಿಯೋ ಡಬ್ಬಿ ಬದಲಿಸಿದರೂ ಅದೇ ಕಥೆ. ಮೀಟರ್ ಹಿಡಿದರೆ ವೈರು ಸರಿಯಿದೆ ಅನ್ನುತ್ತಿತ್ತು. ಕೊನೆಗೆ ಟಾರ್ಚ್ ಹಾಕಿ ಕನೆಕ್ಟರ್‌ನ ಮುಖವನ್ನು ಓರೆಯಾಗಿ ನೋಡಿದೆವು. ಸಾಲಿನಲ್ಲಿ ಒಂದೇ ಒಂದು ಪಿನ್ ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಒಳಗಿನ ಕ್ಲಿಪ್ಪಿಗೆ ಅದು ಕೂತಿರಲೇ ಇಲ್ಲ. ಸುಮ್ನಿದ್ದಾಗ ತಾಗುತ್ತಿತ್ತು, ಅಲುಗಿದರೆ ಬಿಡುತ್ತಿತ್ತು. ಪಿನ್ ಕೂರಿಸಿದ ಮೇಲೆ ವೈರನ್ನು ಮೆಲ್ಲಗೆ ಎಳೆದು ನೋಡಿ ಅಂತ ಅವರು ಯಾಕೆ ಅಷ್ಟು ಹೇಳುತ್ತಿದ್ದರು ಅಂತ ಆಗ ಅರ್ಥವಾಯಿತು.

ಬಿಚ್ಚಿ ತೆಗೆದ ಡಬ್ಬಿ ಎಷ್ಟೋ ಸಲ ವರ್ಕ್‌ಶಾಪಿನಿಂದ 'ನೋ ಫಾಲ್ಟ್ ಫೌಂಡ್' ಚೀಟಿ ಹೊತ್ತು ವಾಪಸ್ ಬರುತ್ತದೆ. ಅದರಲ್ಲಿ ಏನೂ ಕೆಟ್ಟಿಲ್ಲ ಅಂತ. ಅಷ್ಟೊತ್ತಿಗೆ ವಿಮಾನ ಅದೇ ತೊಂದರೆ ಇಟ್ಟುಕೊಂಡು ಮತ್ತೆ ಹಾರಿರುತ್ತದೆ. ಡಬ್ಬಿಗೆ ಕೈ ಹಾಕುವ ಮೊದಲು ಕನೆಕ್ಟರ್ ನೋಡು ಅನ್ನುವುದು ಇದಕ್ಕೇ.

ಟೂಲ್ ಲೆಕ್ಕ ನಿನಗೆ ಕಿರಿಕಿರಿ ಅನ್ನಿಸುತ್ತದೆ, ನಿನ್ನ ಸ್ವಭಾವ ಗೊತ್ತಲ್ಲ. ಒಂದು ಸ್ಕ್ರೂಡ್ರೈವರ್ ಸಿಗದಿದ್ದರೆ ವಿಮಾನವನ್ನು ಬಿಡುವುದಿಲ್ಲ, ಎಲ್ಲರೂ ಮಂಡಿಯೂರಿ ಹುಡುಕಬೇಕು. ಗೊಣಗಬೇಡ. ಅದು ಕಂಟ್ರೋಲ್ ಕೇಬಲ್‌ಗಳ ನಡುವೆ ಬಿದ್ದಿದ್ದರೆ ಅನುಭವಿಸುವವನು ಪೈಲಟ್.

ಕ್ರಿಂಪಿಂಗ್, ಅಂದರೆ ವೈರಿನ ತುದಿಗೆ ಪಿನ್ ಅನ್ನು ಒತ್ತಿ ಕೂರಿಸುವ ಪಾಠ, ಶುರುವಾದಾಗ ಬರೆ. ವೈರಿಂಗ್ ಡಯಾಗ್ರಾಮ್ ಓದುವುದರ ಬಗ್ಗೆ ಹೇಳುವುದು ತುಂಬಾ ಇದೆ, ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿನ್ನ ಗೆಳೆಯ